ತೂಕ, ವೈದ್ಯ ಮತ್ತು ವ್ಯಾಪಾರ: ಒಂದು ವಿಮರ್ಶೆ

ನಾಲ್ಕು ದಶಕಗಳ ಕಾಲ ಧಾನ್ಯದ ವ್ಯಾಪಾರದಲ್ಲಿ ತಕ್ಕಡಿಯ ಮುಂದೆ ಕುಳಿತವನು ನಾನು. ಮೂಟೆಯ ತೂಕವನ್ನು ಎದುರಿನವನ ಬಾಯಿಮಾತಿನ ಮೇಲೆ ಬರೆದುಕೊಂಡು ಹಣ ಎಣಿಸಿದ ವರ್ತಕನನ್ನು ಇದುವರೆಗೆ ಕಂಡಿಲ್ಲ. ಆದರೆ ಮನುಷ್ಯದೇಹದ ತೂಕವನ್ನು ಮಾತ್ರ ಬಾಯಿಮಾತಿನ ಮೇಲೆ ನಂಬಿ, ಅದರ ಆಧಾರದಿಂದಲೇ ಪ್ರಬಲವಾದ ಔಷಧಿಯನ್ನು ಮನೆಬಾಗಿಲಿಗೆ ಕಳುಹಿಸಿಕೊಡುವ ಪದ್ಧತಿಯೊಂದು ಇಂಗ್ಲೆಂಡ್, ಅಮೆರಿಕಗಳಲ್ಲಿ ಬೆಳೆದು ನಿಂತಿದೆ. ನಮ್ಮ ಅನೇಕ ಕುಟುಂಬಗಳ ಮಕ್ಕಳು ಆ ದೇಶಗಳಲ್ಲಿ ನೆಲೆಸಿರುವುದರಿಂದ ಈ ವಿಷಯವನ್ನು ದೂರದ್ದೆಂದು ತಳ್ಳಿಹಾಕುವಂತಿಲ್ಲ.

ಇದು ನನ್ನ ಮನೆಗೇ ಬಂದುದರಿಂದ ಬರೆಯುತ್ತಿದ್ದೇನೆ. ಇಂಗ್ಲೆಂಡಿನಲ್ಲಿರುವ ನನ್ನ ತಮ್ಮನ ಮಗಳು 2024ರಲ್ಲಿ ಅಂತರ್ಜಾಲದ ಔಷಧಾಲಯವೊಂದರಲ್ಲಿ ತೂಕ ಇಳಿಸುವ ಚುಚ್ಚುಮದ್ದಿಗೆ ಅರ್ಜಿ ತುಂಬಿದಳು. ನಿಗದಿತ ಮಿತಿಗೆ ಅವಳ ತೂಕ ಆರು ಕಿಲೋ ಕಡಿಮೆಯಿತ್ತು. ಎಂಟು ಕಿಲೋ ಹೆಚ್ಚಿಗೆ ಬರೆದಳು. ಯಾರೂ ಮುಖ ನೋಡಲಿಲ್ಲ, ಯಾರೂ ತೂಗಲಿಲ್ಲ. ಮೂರನೆಯ ದಿನ ಔಷಧಿ ಬಂದಿತು. ಗಂಡನಿಗೂ ತಿಳಿಸದೆ ವಾರಕ್ಕೊಮ್ಮೆ ಚುಚ್ಚಿಕೊಂಡಳು. ವಾಂತಿ ಆರಂಭವಾಗಿದ್ದರೂ ಭಾದ್ರಪದದ ದಶಲಕ್ಷಣ ಪರ್ವದಲ್ಲಿ ವಾಡಿಕೆಯಂತೆ ನಿರ್ಜಲ ಉಪವಾಸ ಹಿಡಿದು, ಎರಡನೆಯ ದಿನ ಕುಸಿದುಬಿದ್ದು ಆಸ್ಪತ್ರೆ ಸೇರಿದಳು. ಕ್ಷಮಾವಣಿಯ ದಿನ ದೂರವಾಣಿಯಲ್ಲಿ, “ದೊಡ್ಡಪ್ಪಾ, ನಾನು ಸುಳ್ಳು ಬರೆದೆ. ಆದರೆ ನಿಜವೇ ಎಂದು ಒಬ್ಬರೂ ಕೇಳಲಿಲ್ಲ” ಎಂದಳು. ಆಕೆಯ ಒಪ್ಪಿಗೆ ಪಡೆದೇ ಇದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಔಷಧಿಗೆ ನ್ಯಾಯ ಸಲ್ಲಬೇಕು. ಇದು ಜಾಹೀರಾತಿನ ಪುಡಿಗಳಂತೆ ಪೊಳ್ಳಲ್ಲ. ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್ ಕಂಪನಿಯ ಸೆಮಾಗ್ಲುಟೈಡ್ ಮೊದಲು ಮಧುಮೇಹಕ್ಕೆಂದು ಬಂದು, 2021ರ ಜೂನ್‌ನಲ್ಲಿ ‘ವೆಗೋವಿ’ ಎಂಬ ಹೆಸರಿನಿಂದ ಅಮೆರಿಕದಲ್ಲಿ ತೂಕ ಇಳಿಸಲು ಅನುಮೋದನೆ ಪಡೆಯಿತು. ಅದೇ ವರ್ಷ ಪ್ರಕಟವಾದ ಅಧ್ಯಯನದಲ್ಲಿ 1,961 ವಯಸ್ಕರು ಭಾಗವಹಿಸಿದ್ದರು. 68 ವಾರಗಳಲ್ಲಿ ಔಷಧಿ ಪಡೆದವರ ತೂಕ ಸರಾಸರಿ ಶೇಕಡ 14.9ರಷ್ಟು, ಹುಸಿಮದ್ದು ಪಡೆದವರದು ಶೇಕಡ 2.4ರಷ್ಟು ಇಳಿಯಿತು. ಆದರೆ ಔಷಧಿ ನಿಲ್ಲಿಸಿದ ಒಂದು ವರ್ಷದೊಳಗೆ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂದುದನ್ನೂ ಅದೇ ಸಂಶೋಧಕರು 2022ರಲ್ಲಿ ತೋರಿಸಿದರು. ಆದ್ದರಿಂದ ಇದು ಒಂದು ಬಾರಿ ಕೊಂಡು ಮುಗಿಸುವ ಸರಕಲ್ಲ, ದೀರ್ಘಕಾಲದ ಚಿಕಿತ್ಸೆ.

ಇದನ್ನು ವಾರಕ್ಕೆ 0.25 ಮಿಲಿಗ್ರಾಂನಿಂದ ಆರಂಭಿಸಿ, ದೇಹ ತಾಳುವುದನ್ನು ನೋಡಿಕೊಂಡು ಹಂತಹಂತವಾಗಿ 2.4ಕ್ಕೆ ಏರಿಸಬೇಕು. ಓಕರಿಕೆ, ವಾಂತಿ, ಭೇದಿ, ಮಲಬದ್ಧತೆ ಸಾಮಾನ್ಯ. ಅಪರೂಪವಾಗಿ ಮೇದೋಜೀರಕ ಗ್ರಂಥಿಯ ಉರಿಯೂತವೂ ಪಿತ್ತಕೋಶದ ತೊಂದರೆಯೂ ಉಂಟಾಗುತ್ತವೆ. ಥೈರಾಯ್ಡ್‌ನ ಮೆಡುಲರಿ ಎಂಬ ಬಗೆಯ ಕ್ಯಾನ್ಸರ್ ಮನೆತನದಲ್ಲಿದ್ದವರಿಗೆ ಇದು ನಿಷಿದ್ಧ. ಗರ್ಭ ಧರಿಸಲು ಬಯಸುವವರು ಎರಡು ತಿಂಗಳು ಮುಂಚೆಯೇ ನಿಲ್ಲಿಸಬೇಕು. ಇಷ್ಟೆಲ್ಲವನ್ನು ವಿಚಾರಿಸಬೇಕಾದ ಕೆಲಸವನ್ನು ಹತ್ತು ನಿಮಿಷದ ಪ್ರಶ್ನಾವಳಿಗೆ ಒಪ್ಪಿಸುವುದು ವೈದ್ಯವೃತ್ತಿಯೆನಿಸುವುದೇ?

ದೂರದಿಂದ ನಡೆಯುವ ವೈದ್ಯವೇ ತಪ್ಪೆಂದು ನಾನು ವಾದಿಸುವುದಿಲ್ಲ. ಸ್ಥೂಲದೇಹಿಗಳನ್ನು ಹಾಸ್ಯದ ವಸ್ತುವಾಗಿ ಕಾಣುವ ಸಮಾಜದಲ್ಲಿ, ವೈದ್ಯರ ಎದುರು ನಿಲ್ಲಲೂ ಸಂಕೋಚಪಡುವ ಹೆಣ್ಣುಮಕ್ಕಳಿದ್ದಾರೆ. ಮನೆಯಲ್ಲಿ ಕುಳಿತೇ ವೈದ್ಯರೊಡನೆ ಮಾತನಾಡುವ ಸೌಲಭ್ಯ ಅವರಿಗೆ ಉಪಕಾರಿ. ನಮ್ಮ ದೇಶದಲ್ಲಿಯೂ 2020ರ ಮಾರ್ಚ್‌ನಲ್ಲಿ ಪ್ರಕಟವಾದ ಟೆಲಿಮೆಡಿಸಿನ್ ಮಾರ್ಗಸೂಚಿ ಇದಕ್ಕೆ ಅವಕಾಶ ನೀಡಿದೆ. ಅದರೊಡನೆ, ರೋಗಿಯನ್ನು ಕಣ್ಣಾರೆ ಕಾಣುವ ಅಗತ್ಯವಿದೆಯೇ ಎಂಬುದನ್ನು ನಿರ್ಣಯಿಸುವ ಹೊಣೆಯನ್ನೂ ವೈದ್ಯನ ಮೇಲೆ ಹೊರಿಸಿದೆ.

ನನ್ನ ಆಕ್ಷೇಪ ಬೇರೆ. ಬಿ.ಕಾಂ. ತರಗತಿಯಲ್ಲಿ ನಮಗೆ ಕಲಿಸಿದ ಮೂಲ ಪಾಠವೆಂದರೆ, ಹಣ ಪಡೆಯುವವನೂ ಲೆಕ್ಕ ತನಿಖೆ ಮಾಡುವವನೂ ಒಬ್ಬನೇ ಆಗಬಾರದೆಂಬುದು. ಇಂತಹ ಅನೇಕ ಸಂಸ್ಥೆಗಳಲ್ಲಿ ಔಷಧಿ ಬರೆದುಕೊಡುವ ವೈದ್ಯನೂ ಮಾರುವ ಅಂಗಡಿಯೂ ಒಂದೇ ಯಜಮಾನಿಕೆಯಲ್ಲಿವೆ. “ನಿಮಗೆ ಇದು ಬೇಡ” ಎಂದರೆ ಆ ಸಂಸ್ಥೆಗೆ ನಷ್ಟ; “ಆಗಲಿ” ಎಂದರೆ ತಿಂಗಳು ತಿಂಗಳೂ ಆದಾಯ. ವೈದ್ಯನು ಎಷ್ಟೇ ಪ್ರಾಮಾಣಿಕನಾಗಿರಲಿ, ವ್ಯವಸ್ಥೆಯೇ ಒಂದು ಕಡೆಗೆ ವಾಲಿದ ತಕ್ಕಡಿ.

ಇದು ಕೇವಲ ನನ್ನ ಸಂಶಯವಲ್ಲ. ಬ್ರಿಟನ್ನಿನ ಔಷಧಾಲಯಗಳನ್ನು ನಿಯಂತ್ರಿಸುವ ಜನರಲ್ ಫಾರ್ಮಾಸ್ಯುಟಿಕಲ್ ಕೌನ್ಸಿಲ್ 2025ರ ಫೆಬ್ರವರಿಯಲ್ಲಿ ತನ್ನ ಮಾರ್ಗಸೂಚಿಯನ್ನು ಬಿಗಿಗೊಳಿಸಿ, ಪ್ರಶ್ನಾವಳಿಯೊಂದನ್ನೇ ನಂಬಿ ಈ ಔಷಧಿಗಳನ್ನು ನೀಡಬಾರದು, ತೂಕ ಮತ್ತು ಎತ್ತರಗಳನ್ನು ಸ್ವತಂತ್ರವಾಗಿ ಪರಿಶೀಲಿಸಬೇಕು ಎಂದು ವಿಧಿಸಿತು. ನನ್ನ ತಮ್ಮನ ಮಗಳಿಗೆ ಅದು ಐದು ತಿಂಗಳು ತಡವಾಗಿ ಬಂದಿತು.

ಅಮೆರಿಕದ ಕಥೆ ಇನ್ನೊಂದು ಬಗೆಯದು. ಅಲ್ಲಿ 2022ರಿಂದ ಈ ಔಷಧಿಗೆ ಕೊರತೆಯುಂಟಾದಾಗ, ಔಷಧಾಲಯಗಳು ತಾವೇ ಬೆರೆಸಿ ತಯಾರಿಸಿದ ಪ್ರತಿಗಳು ಅಂತರ್ಜಾಲದ ಮೂಲಕ ಹರಡಿದವು. ಮೂಲ ಔಷಧಿ ಅಳತೆ ಗೊತ್ತಾದ ಪೆನ್ನಿನಲ್ಲಿ ಬರುತ್ತಿದ್ದರೆ, ಇವು ಸೀಸೆಯಲ್ಲಿ ಬಂದವು. ರೋಗಿಯೇ ಸಿರಿಂಜಿನಲ್ಲಿ ಎಳೆದುಕೊಳ್ಳಬೇಕಾಯಿತು. ಮಿಲಿಗ್ರಾಂ, ಮಿಲಿಲೀಟರ್, ಯೂನಿಟ್ ಎಂಬ ಅಳತೆಗಳ ಗೊಂದಲದಲ್ಲಿ ಕೆಲವರು 5ರಿಂದ 20 ಪಟ್ಟು ಹೆಚ್ಚು ಔಷಧಿ ಚುಚ್ಚಿಕೊಂಡರೆಂದು ಅಲ್ಲಿನ ಎಫ್.ಡಿ.ಎ. 2024ರ ಜುಲೈನಲ್ಲಿ ಎಚ್ಚರಿಸಿತು. ಸೇರು-ಮಣಗಳು ಹೋಗಿ ಕಿಲೋಗ್ರಾಂ ಬಂದ ಕಾಲದ ಗೊಂದಲವನ್ನು ನಮ್ಮ ತಂದೆಯವರು ವಿವರಿಸುತ್ತಿದ್ದರು. ಅಂದು ಕೆಟ್ಟದ್ದು ಲೆಕ್ಕ, ಇಲ್ಲಿ ಕೆಡುವುದು ದೇಹ. ಬ್ರೆಜಿಲ್, ಬ್ರಿಟನ್, ಅಮೆರಿಕಗಳಲ್ಲಿ 2023ರಲ್ಲಿ ನಕಲಿ ಸೆಮಾಗ್ಲುಟೈಡ್ ಪತ್ತೆಯಾದುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ 2024ರ ಜೂನ್‌ನಲ್ಲಿ ಪ್ರಕಟಿಸಿತು.

ತಪ್ಪು ಅಳತೆಯನ್ನೂ ನಕಲಿ ಸರಕಿನ ವ್ಯವಹಾರವನ್ನೂ ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ತೂಗದೆಯೇ ತೂಕವನ್ನು ಒಪ್ಪಿಕೊಂಡು ಹಣ ಪಡೆಯುವುದು ಇದರಿಂದ ಬಹುದೂರದ ದೋಷವೆಂದು ನನಗೆ ತೋರುವುದಿಲ್ಲ. ಸುಳ್ಳು ಬರೆದ ನನ್ನ ಮಗಳೂ ನಿರ್ದೋಷಿಯಲ್ಲ. ಆದರೆ ಅವಳಿಗೆ ತಿಳಿಯದ ಅಪಾಯ ಮಾರುವವನಿಗೆ ತಿಳಿದಿತ್ತು. ಬಲ್ಲವನ ಹೊಣೆ ದೊಡ್ಡದು.

ಈ ಪ್ರಶ್ನೆ ಈಗ ನಮ್ಮ ಹೊಸ್ತಿಲಿಗೂ ಬಂದಿದೆ. ಎಲಿ ಲಿಲಿ ಕಂಪನಿಯ ‘ಮೌಂಜಾರೋ’ 2025ರ ಮಾರ್ಚ್‌ನಲ್ಲಿ, ‘ವೆಗೋವಿ’ ಅದೇ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದಿವೆ. ಆದುದರಿಂದ ಸಮಾಜಬಾಂಧವರಲ್ಲಿ ನನ್ನ ವಿನಂತಿ ಇಷ್ಟೆ. ಈ ಔಷಧಿ ಬೇಕಾದವರು ತಮ್ಮನ್ನು ಕಂಡು, ತೂಗಿ, ಬೇಡವೆನ್ನಲೂ ಸ್ವತಂತ್ರರಾದ ವೈದ್ಯರಿಂದಲೇ ಪಡೆಯಲಿ. ಪಡೆಯುತ್ತಿರುವವರು ಉಪವಾಸ ಹಿಡಿಯುವ ಮೊದಲು ವೈದ್ಯರಿಗೂ ಮನೆಯವರಿಗೂ ತಿಳಿಸಲಿ. ಆರೋಗ್ಯ ಶಿಬಿರಗಳನ್ನು ನಡೆಸುವ ಬಸದಿಗಳ ಟ್ರಸ್ಟುಗಳು, ತೂಕದ ಬಗ್ಗೆ ಸಂಕೋಚವಿಲ್ಲದೆ ಮಾತನಾಡಲು ಒಬ್ಬ ವೈದ್ಯೆಯನ್ನು ಪ್ರತ್ಯೇಕ ಕೊಠಡಿಯಲ್ಲಿ ಕುಳ್ಳಿರಿಸಲಿ.

ಮನೆಯ ಹಿರಿಯರು, ಮಕ್ಕಳ ಮೈಕಟ್ಟನ್ನು ಕುರಿತು ಊಟದ ಪಂಕ್ತಿಯಲ್ಲಿ ಆಡುವ ಮಾತುಗಳನ್ನು ನಿಲ್ಲಿಸಲಿ. ನನ್ನ ಮಗಳು ಆ ಸುಳ್ಳನ್ನು ಬರೆಯುವ ಮುಂಚೆ ನಮ್ಮ ಮನೆಯ ಮದುವೆಯೊಂದರಲ್ಲಿ ಅಂಥ ಮಾತನ್ನು ಕೇಳಿದ್ದಳು. ಅದನ್ನು ಆಡಿದವರಲ್ಲಿ ನಾನೂ ಒಬ್ಬ.