ಪ್ರಾಣಿಗಳ ಚಿತ್ರರಚನೆ ಮತ್ತು ಸಾದೃಶ್ಯವಿಚಾರ

ಪ್ರಾಣಿಯೊಂದು ಚಿತ್ರ ಬರೆದಾಗ, ತಾನು ಬರೆಯುತ್ತಿರುವ ವಸ್ತು ಇಂಥದೆಂಬ ಅರಿವು ಅದಕ್ಕೆ ಉಂಟೆ? ಚಿತ್ರವು ವಸ್ತುವನ್ನು ಹೋಲಿದರೆ ಅರಿವು ಉಂಟೆಂದೂ, ಹೋಲದಿದ್ದರೆ ಇಲ್ಲವೆಂದೂ ನಿರ್ಣಯಿಸುವುದು ಸಾಮಾನ್ಯ ರೂಢಿ. ನಮ್ಮ ಪ್ರಾಚೀನರು ಹೇಳಿದ ಚಿತ್ರದ ಷಡಂಗಗಳಲ್ಲಿ ಸಾದೃಶ್ಯವೂ ಒಂದಾಗಿರುವುದರಿಂದ, ಈ ರೂಢಿಗೆ ಶಾಸ್ತ್ರದ ಬೆಂಬಲವಿರುವಂತೆಯೂ ತೋರಬಹುದು. ಆದರೆ ಪ್ರಾಣಿಚಿತ್ರಗಳ ವಿಷಯದಲ್ಲಿ ಈ ಅಳತೆಗೋಲು ನಿಲ್ಲಲಾರದೆಂಬುದು ನಮ್ಮ ಅಭಿಪ್ರಾಯ.

ಥಾಯ್ಲೆಂಡಿನಲ್ಲಿ ಪಳಗಿದ ಆನೆಗಳು ಪ್ರವಾಸಿಗರ ಮುಂದೆ ಸೊಂಡಿಲಿನಲ್ಲಿ ಕುಂಚ ಹಿಡಿದು ಆನೆಯನ್ನೂ ಹೂಗಿಡವನ್ನೂ ಬರೆದುದುಂಟು. ಹೋಲಿಕೆಯ ವಿಷಯದಲ್ಲಿ ಸಂದೇಹವೇ ಇಲ್ಲ. ಆದರೆ ಇದನ್ನು ಕಣ್ಣಾರೆ ನೋಡಿದ ಪ್ರಾಣಿಶಾಸ್ತ್ರಜ್ಞ ಡೆಸ್ಮಂಡ್ ಮಾರಿಸ್ 2009ರಲ್ಲಿ ಬರೆದಂತೆ, ಪಕ್ಕದಲ್ಲಿ ನಿಂತ ಮಾವುತನು ಆನೆಯ ಕಿವಿಯನ್ನು ಮೇಲಕ್ಕೂ ಕೆಳಕ್ಕೂ ಅಡ್ಡಕ್ಕೂ ಎಳೆದು ಗೆರೆಗಳನ್ನು ನಡೆಸುತ್ತಿದ್ದನು. ಅಲ್ಲಿ ಸಾದೃಶ್ಯವು ಮಾವುತನದು. ಆನೆಯದು ಕೈಚಳಕ ಮತ್ತು ವಿಧೇಯತೆ.

ಇದೇ ಮಾರಿಸ್ ಲಂಡನ್ನಿನ ಮೃಗಾಲಯದಲ್ಲಿ ಅಭ್ಯಸಿಸಿದ ಕಾಂಗೊ ಎಂಬ ಚಿಂಪಾಂಜಿಯ ಚಿತ್ರಗಳು 1957ರಲ್ಲಿ ಆ ನಗರದಲ್ಲಿಯೇ ಪ್ರದರ್ಶಿತವಾದುವು. ಅದು ಬರೆದ ಸುಮಾರು 400 ಚಿತ್ರಗಳಲ್ಲಿ ಯಾವ ವಸ್ತುವಿನ ರೂಪವೂ ಮೂಡಲಿಲ್ಲ. ಆದರೂ ಗೆರೆಗಳನ್ನು ಬೀಸಣಿಗೆಯಂತೆ ಹರಡುವ, ಕಾಗದದ ಒಂದು ಬದಿಯಲ್ಲಿ ಆಕೃತಿಯಿದ್ದರೆ ಎದುರು ಬದಿಯಲ್ಲಿ ಬರೆದು ತೂಕ ಸರಿದೂಗಿಸುವ ಪ್ರವೃತ್ತಿ ಅದರಲ್ಲಿ ಕಂಡುಬಂದಿತು. ಇದು ಯಾರೂ ಕಿವಿ ಹಿಡಿದು ಮಾಡಿಸಿದುದಲ್ಲ. ಇಲ್ಲಿ ರಚನಾಪ್ರಜ್ಞೆಯುಂಟು, ವಸ್ತುಚಿತ್ರಣವಿಲ್ಲ. ಇವೆರಡೂ ಬೇರೆಬೇರೆಯೆಂಬುದನ್ನು ಮರೆತುದರಿಂದಲೇ ಈ ಚರ್ಚೆಯಲ್ಲಿ ಗೊಂದಲ ಹುಟ್ಟಿದೆ.

ಹಾಗಾದರೆ ಚಿತ್ರಣದ ಅರಿವನ್ನು ಎಲ್ಲಿ ಹುಡುಕಬೇಕು? ಜಪಾನಿನ ಅಯಾ ಸೈತೊ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ದಾರಿ ತೋರುತ್ತದೆ. ಕಣ್ಣು ಮೊದಲಾದ ಅವಯವಗಳನ್ನು ಬಿಟ್ಟು ಬರೆದ ಮುಖಚಿತ್ರವನ್ನು ಮುಂದಿಟ್ಟಾಗ ಚಿಂಪಾಂಜಿಗಳು ಇದ್ದ ಗೆರೆಗಳ ಮೇಲೆಯೇ ಬರೆದುವು. ಸುಮಾರು ಎರಡೂವರೆ ವರ್ಷ ದಾಟಿದ ಮಕ್ಕಳು ಇಲ್ಲದ ಕಣ್ಣನ್ನು ತುಂಬಿದರು. ಚಿಂಪಾಂಜಿಗಳಿಗೆ ಕೈಯ ಹಿಡಿತ ಸಾಲದೆ ಹೋಯಿತೆನ್ನುವಂತಿಲ್ಲ. ಇದ್ದ ಗೆರೆಯನ್ನು ಅನುಸರಿಸಿ ತಿದ್ದುವಷ್ಟು ಹಿಡಿತ ಅವುಗಳಿಗಿತ್ತು. ಇಲ್ಲದುದನ್ನು ಮನಸ್ಸಿನಲ್ಲಿ ಕಂಡು ಅದಕ್ಕೆ ಗೆರೆ ಕೊಡುವುದೇ ಚಿತ್ರಣದ ಮೂಲವೆಂದು ಇದರಿಂದ ಊಹಿಸಬಹುದು.

ಕೆಲವೇ ಚಿಂಪಾಂಜಿಗಳ ಮೇಲಿನ ಈ ಪ್ರಯೋಗವನ್ನು ಸಮಸ್ತ ಪ್ರಾಣಿಗಳ ಮೇಲಿನ ತೀರ್ಪಾಗಿ ಗ್ರಹಿಸುವುದು ಯುಕ್ತವಲ್ಲ. ಆದರೆ ವಿಮರ್ಶಕನ ಹೊಣೆ ಇದರಿಂದ ಸ್ಪಷ್ಟವಾಗುತ್ತದೆ. ಹೋಲಿಕೆಯೊಂದನ್ನೇ ಮೆಚ್ಚಿ ಹಣ ಕೊಡುವ ಪ್ರೇಕ್ಷಕರಿರುವವರೆಗೆ ಆನೆಯ ಕಿವಿಗೆ ಬಿಡುವಿಲ್ಲ. ಕಾಂಗೊವಿನ ಸ್ವಂತ ರಚನೆಯಾದರೋ ಬರಿಯ ಗೀಚಾಟವೆನಿಸಿಕೊಳ್ಳುತ್ತದೆ.