ಕಸ್ಟಮ್ಸ್ ಕೋಣೆಯಲ್ಲಿ ಮೌನದ ಹಕ್ಕು

ಗಲ್ಫ್‌ನಿಂದ ಬಂದ ಪ್ರಯಾಣಿಕನ ಬಳಿ ಮಂಗಳೂರು ವಿಮಾನ ನಿಲ್ದಾಣದಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿಯನ್ನು ನಾವು ಆಗಾಗ ಓದುತ್ತೇವೆ. ವಿಚಾರಣೆಯಲ್ಲಿ ಆತ ತಪ್ಪೊಪ್ಪಿಕೊಂಡ ಎಂದಿದ್ದರೆ ನಮ್ಮ ಮಟ್ಟಿಗೆ ತೀರ್ಪೂ ಆಗಿಬಿಡುತ್ತದೆ. ಆ ತಪ್ಪೊಪ್ಪಿಗೆ ಹೇಗೆ ಬಂತೆಂದು ನಾವು ಕೇಳುವುದಿಲ್ಲ.

ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸಬಾರದು ಎನ್ನುತ್ತದೆ ಸಂವಿಧಾನದ 20(3)ನೇ ವಿಧಿ. ಪೊಲೀಸರೆದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ ಎಂಬುದು ಸಾಕ್ಷ್ಯ ಕಾನೂನಿನ ಹಳೆಯ ನಿಯಮ. ಆದರೆ 1962ರ ಕಸ್ಟಮ್ಸ್ ಕಾಯ್ದೆಯ 108ನೇ ಸೆಕ್ಷನ್ನಿನಂತೆ ಸಮನ್ಸ್ ಪಡೆದವನು ಅಧಿಕಾರಿಯ ಮುಂದೆ ಸತ್ಯವನ್ನೇ ಹೇಳಬೇಕು. ಸುಳ್ಳು ಹೇಳಿದರೆ ಶಿಕ್ಷೆಯಿದೆ. ಕಸ್ಟಮ್ಸ್ ಅಧಿಕಾರಿ ಪೊಲೀಸನಲ್ಲ, ಆ ಹಂತದಲ್ಲಿ ಪ್ರಶ್ನೆಗೊಳಗಾದವನು ಆರೋಪಿಯೂ ಅಲ್ಲ ಎಂದು 1968ರಲ್ಲಿ ರಮೇಶ್ ಚಂದ್ರ ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹೀಗೆ ಆತನ ಹೇಳಿಕೆ ಆತನ ವಿರುದ್ಧವೇ ಸಾಕ್ಷ್ಯವಾಗುತ್ತದೆ. ಈ ವಿಚಾರಣೆಯಲ್ಲಿ ವಕೀಲರನ್ನು ಜೊತೆಗಿಟ್ಟುಕೊಳ್ಳುವ ಹಕ್ಕೂ ಇಲ್ಲವೆಂದು 1992ರ ಪೂಲ್‌ಪಾಂಡಿ ತೀರ್ಪು ಸಾರಿತು.

ಮಾದಕ ವಸ್ತು ಪ್ರಕರಣಗಳಲ್ಲಿ ಮಾತ್ರ ದಾರಿ ಬದಲಾಯಿತು. 2020ರ ತೂಫಾನ್ ಸಿಂಗ್ ತೀರ್ಪಿನಲ್ಲಿ ನ್ಯಾಯಾಲಯ, ಆ ಕಾಯ್ದೆಯಡಿ ತನಿಖಾಧಿಕಾರ ಪಡೆದವರು ಪೊಲೀಸರೇ, ಅವರೆದುರಿನ ತಪ್ಪೊಪ್ಪಿಗೆ ಸಲ್ಲದು ಎಂದಿತು. ಕಸ್ಟಮ್ಸ್ ಅಧಿಕಾರಿಗಳು ಪೊಲೀಸರಲ್ಲ ಎಂಬ ನಿಲುವನ್ನು 2025ರ ರಾಧಿಕಾ ಅಗರ್ವಾಲ್ ತೀರ್ಪು ಉಳಿಸಿಕೊಂಡಿತು. ಬಂಧಿತರಿಗಿರುವ ರಕ್ಷಣೆಗಳು ಅಲ್ಲಿಗೂ ಅನ್ವಯಿಸುತ್ತವೆ ಎಂದದ್ದು ಸಮಾಧಾನದ ವಿಷಯ.

ಒಂದೇ ವಿಮಾನದಿಂದ ಇಳಿದ ಇಬ್ಬರಲ್ಲಿ ಮಾದಕ ವಸ್ತು ತಂದವನಿಗೆ ಸಿಗುವ ರಕ್ಷಣೆ ಚಿನ್ನ ತಂದವನಿಗೆ ಸಿಗುವುದಿಲ್ಲ. ಚಿನ್ನ ಕಳ್ಳಸಾಗಣೆಯದ್ದಲ್ಲ ಎಂದು ಸಾಧಿಸುವ ಹೊರೆಯನ್ನೂ 123ನೇ ಸೆಕ್ಷನ್ ಅದು ಯಾರ ಬಳಿ ಸಿಕ್ಕಿತೋ ಅವನ ಮೇಲೆಯೇ ಹೊರಿಸಿದೆ. ಎದುರಿಗೆ ಕುಳಿತ ಅಧಿಕಾರಿ ಯಾವ ಇಲಾಖೆಯವನಾದರೇನು, ಕೋಣೆಯೊಳಗಿನ ಭಯ ಒಂದೇ ಅಲ್ಲವೇ?

ಬೆದರಿಸಿ ಪಡೆದ ಹೇಳಿಕೆಯನ್ನು ನ್ಯಾಯಾಲಯ ತಳ್ಳಿಹಾಕಬಲ್ಲದು, ನಿಜ. ಆದರೆ ಮುಚ್ಚಿದ ಬಾಗಿಲ ಹಿಂದೆ ನಡೆದದ್ದನ್ನು ಒಂಟಿಯಾಗಿದ್ದವನು ಯಾವ ಸಾಕ್ಷಿಯಿಂದ ತೋರಿಸಬೇಕು? ತನಗೆ ಓದಲು ಬಾರದ ಭಾಷೆಯ ಹೇಳಿಕೆಗೆ ಸಹಿ ಹಾಕಿದವನ ಗತಿಯೇನು?

ಕಳ್ಳಸಾಗಣೆಯನ್ನು ನಾವು ಸಮರ್ಥಿಸುತ್ತಿಲ್ಲ. ಸಿಕ್ಕ ಚಿನ್ನ, ಟಿಕೆಟ್, ಫೋನ್ ಕರೆಗಳ ದಾಖಲೆ ಇವೆಲ್ಲ ಇರುವಾಗ ತಪ್ಪಿತಸ್ಥನನ್ನು ಶಿಕ್ಷಿಸಲು ಅವನ ಬಾಯಿಯೇ ಬೇಕಿಲ್ಲ. ಬಾಯಿಯೊಂದೇ ಸಾಕ್ಷಿ ಎನ್ನುವ ತನಿಖೆಯಲ್ಲಿ ನಿರಪರಾಧಿಯೂ ಸಿಲುಕುತ್ತಾನೆ. ಸಂವಿಧಾನದ ರಕ್ಷಣೆ ಎದುರಿಗಿರುವ ಸಮವಸ್ತ್ರದ ಬಣ್ಣ ನೋಡಿ ಬರುವುದಾದರೆ ಅದನ್ನು ಹಕ್ಕು ಎನ್ನುವುದಾದರೂ ಹೇಗೆ?