ವಿಜ್ಞಾನಿಯ ವ್ಯಕ್ತಿಚಿತ್ರದಲ್ಲಿ ವಿಜ್ಞಾನವೆಲ್ಲಿ?

ಸ್ಮರಣ ಸಂಚಿಕೆಗೆ ಸನ್ಮಾನಿತರ ಪರಿಚಯ ಬರೆದುಕೊಡುವ ಹೊಣೆ ನಮ್ಮಲ್ಲಿ ಹಲವರ ಪಾಲಿಗೆ ಬಂದದ್ದುಂಟು. ಹುಟ್ಟಿದ ಊರು, ಪಟ್ಟ ಕಷ್ಟ, ಏರಿದ ಹುದ್ದೆ, ಪಡೆದ ಪ್ರಶಸ್ತಿ, ಸರಳ ಸಜ್ಜನಿಕೆ ಇಷ್ಟನ್ನು ಬರೆಯುವಷ್ಟರಲ್ಲಿ ಪುಟ ತುಂಬಿಬಿಡುತ್ತದೆ. ಸನ್ಮಾನಿತರು ಕವಿಗಳಾಗಿದ್ದರೂ ಅವರ ಒಂದು ಪದ್ಯದ ಪ್ರಸ್ತಾಪ ಅಲ್ಲಿ ಬಾರದಿರಬಹುದು. ಅದು ಕೊರತೆಯೆಂದು ನಮಗೆ ತೋರುವುದೂ ಇಲ್ಲ. ವ್ಯಕ್ತಿಚಿತ್ರವೆಂಬ ಬರವಣಿಗೆಗೆ ಇಂಥದೊಂದು ಅಚ್ಚು ಇದೆ. ಅದರಲ್ಲಿ ವ್ಯಕ್ತಿ ಮೂಡುತ್ತಾನೆ, ಅವನ ಕೆಲಸ ಹೊರಗುಳಿಯುತ್ತದೆ. ಜೀವವಿಕಾಸದ ತಿಳಿವನ್ನು ಜನಸಾಮಾನ್ಯರಿಗೆ ಮುಟ್ಟಿಸಿದ ವಿಜ್ಞಾನಿಗಳನ್ನು ಪಾಶ್ಚಾತ್ಯ ಪತ್ರಿಕೆಗಳು ಚಿತ್ರಿಸಿದ ಬಗೆಯನ್ನು ನೋಡಿದಾಗ, ಈ ದೋಷ ನಮ್ಮೊಬ್ಬರದೇ ಅಲ್ಲವೆಂಬುದು ಮನವರಿಕೆಯಾಗುತ್ತದೆ.

ಈ ಅಚ್ಚಿನ ಮೂಲವನ್ನು ಹುಡುಕಿದರೆ ನಾವು ಥಾಮಸ್ ಹೆನ್ರಿ ಹಕ್ಸ್‌ಲಿಯ ಬಳಿಗೆ ಬರುತ್ತೇವೆ. 1860ರ ಜೂನ್ 30ರಂದು ಆಕ್ಸ್‌ಫರ್ಡ್‌ನ ಸಭೆಯಲ್ಲಿ ಬಿಷಪ್ ವಿಲ್ಬರ್‌ಫೋರ್ಸ್ ಅವರು ಕೋತಿಯ ವಂಶದ ಮಾತೆತ್ತಿ ಹಾಸ್ಯಮಾಡಿದರೆಂದೂ, ಹಕ್ಸ್‌ಲಿ ಒಂದೇ ಉತ್ತರದಿಂದ ಅವರ ಬಾಯಿ ಮುಚ್ಚಿಸಿದರೆಂದೂ ಕಥೆಯಿದೆ. ಅಂದಿನ ಮಾತುಗಳನ್ನು ಯಾರೂ ಪದಶಃ ಬರೆದಿಟ್ಟಿರಲಿಲ್ಲ. ಪ್ರಸಿದ್ಧವಾದ ಸಂವಾದದ ರೂಪಗಳು ಬಹುಮಟ್ಟಿಗೆ ಅನಂತರದ ನೆನಪುಗಳಿಂದ ಬಂದವು. ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಕೂಡ ಅಂದು ಡಾರ್ವಿನ್ ಪರವಾಗಿ ಸಮರ್ಥವಾಗಿ ವಾದಿಸಿದ್ದರು. ಜನಪ್ರಿಯ ಕಥೆಯಲ್ಲಿ ಅವರಿಗೆ ಎಡೆಯೇ ದೊರೆಯಲಿಲ್ಲ. ಕಾಳಗದ ಚಿತ್ರಕ್ಕೆ ಒಬ್ಬ ವೀರ, ಒಬ್ಬ ವೈರಿ ಸಾಕಲ್ಲವೆ? ಹಕ್ಸ್‌ಲಿಗೆ 'ಡಾರ್ವಿನ್ನರ ಬುಲ್‌ಡಾಗ್' ಎಂಬ ಬಿರುದು ಅಂಟಿಕೊಂಡಿತು.

ಇದೇ ಹಕ್ಸ್‌ಲಿ 1868ರಲ್ಲಿ ನಾರ್ವಿಚ್ ನಗರದ ಕಾರ್ಮಿಕರ ಮುಂದೆ ಒಂದು ಸೀಮೆಸುಣ್ಣದ ತುಂಡಿನ ಬಗ್ಗೆ ಉಪನ್ಯಾಸ ಕೊಟ್ಟರು. ಬಡಗಿಯ ಜೇಬಿನಲ್ಲಿರುವ ಆ ಬಿಳಿಯ ಚೂರು ಕಡಲ ತಳದಲ್ಲಿ ಯುಗಯುಗಾಂತರಗಳಿಂದ ಬಿದ್ದ ಸೂಕ್ಷ್ಮಜೀವಿಗಳ ಚಿಪ್ಪುಗಳ ರಾಶಿಯೆಂದು ತೋರಿಸಿಕೊಟ್ಟರು. ಅಲ್ಲಿಂದ ಭೂಮಿಯ ಪ್ರಾಚೀನತೆಗೆ, ಕಾಲಕಾಲಕ್ಕೆ ರೂಪ ಬದಲಿಸಿದ ಮೊಸಳೆಗಳ ವಂಶಕ್ಕೆ ಕೇಳುಗರನ್ನು ಕರೆದೊಯ್ದರು. ವಿಕಾಸವನ್ನು ಜನರಿಗೆ ಮುಟ್ಟಿಸುವುದೆಂದರೆ ಇದು. ಆದರೂ ಹಕ್ಸ್‌ಲಿಯ ಹೆಸರು ಕೇಳಿದೊಡನೆ ನೆನಪಾಗುವುದು ಬಿಷಪ್ಪರೊಡನೆ ನಡೆದ ಜಗಳವೇ ಹೊರತು ಸೀಮೆಸುಣ್ಣವಲ್ಲ.

ನೂರಕ್ಕೂ ಹೆಚ್ಚು ವರ್ಷಗಳು ಕಳೆದರೂ ಅಚ್ಚು ಬದಲಾಗಲಿಲ್ಲ, ನಾಯಿಯ ತಳಿ ಮಾತ್ರ ಬದಲಾಯಿತು. 2005ರಲ್ಲಿ 'ಡಿಸ್ಕವರ್' ಪತ್ರಿಕೆ ರಿಚರ್ಡ್ ಡಾಕಿನ್ಸ್ ಕುರಿತ ಲೇಖನಕ್ಕೆ 'ಡಾರ್ವಿನ್ನರ ರಾಟ್‌ವೈಲರ್' ಎಂದು ಶೀರ್ಷಿಕೆ ಕೊಟ್ಟಿತು. ಡಾಕಿನ್ಸ್ ತಮ್ಮ ಸಂಶೋಧನೆಯನ್ನು ಆರಂಭಿಸಿದ್ದು ಕೋಳಿಮರಿಗಳು ಕುಕ್ಕುವಾಗ ಏನನ್ನು ಆರಿಸಿಕೊಳ್ಳುತ್ತವೆಂಬ ಸಣ್ಣ ಪ್ರಶ್ನೆಯಿಂದ. 1976ರ 'ದಿ ಸೆಲ್ಫಿಶ್ ಜೀನ್' ಪುಸ್ತಕದ ವಾದವೂ ಮನುಷ್ಯರು ಸ್ವಾರ್ಥಿಗಳಾಗಿರಬೇಕೆಂಬುದಲ್ಲ. ನಿಸರ್ಗದ ಆಯ್ಕೆಯನ್ನು ಜೀನಿನ ಕಣ್ಣಿನಿಂದ ನೋಡಿದರೆ ಪ್ರಾಣಿಗಳ ಪರೋಪಕಾರವೂ ಅರ್ಥವಾಗುತ್ತದೆ ಎಂಬುದು. ನಾಯಿಯ ಹೆಸರನ್ನು ತಲೆಬರಹದಲ್ಲಿ ಕಂಡ ಓದುಗ ಕೋಳಿಮರಿಗಾಗಿ ಕಾಯುವನೆ? ಅವನು ಕಚ್ಚಾಟಕ್ಕೇ ಕಾಯುತ್ತಾನೆ. ಧರ್ಮದೊಡನೆ ವಾಗ್ವಾದವನ್ನು ಡಾಕಿನ್ಸ್ ತಾವಾಗಿಯೇ ಆಯ್ದುಕೊಂಡರೆಂಬುದು ನಿಜ. ಆದುದರಿಂದ ದೋಷವನ್ನೆಲ್ಲ ಪತ್ರಕರ್ತರ ಮೇಲೆ ಹೊರಿಸುವುದು ನ್ಯಾಯವಾಗದು.

ಸ್ಟೀಫನ್ ಜೇ ಗೌಲ್ಡ್ ಅವರ ವಿಷಯದಲ್ಲಿ ಈ ಅಚ್ಚು ಇನ್ನಷ್ಟು ಹಾನಿ ಮಾಡಿತು. ಜೀವವಿಕಾಸದ ವೇಗ ಎಲ್ಲ ಕಾಲದಲ್ಲೂ ಒಂದೇ ಸಮನಲ್ಲ, ದೀರ್ಘ ಸ್ತಬ್ಧತೆಯ ನಡುವೆ ಭೂಕಾಲದ ಲೆಕ್ಕದಲ್ಲಿ ಶೀಘ್ರವಾದ ಬದಲಾವಣೆಗಳು ಬರುತ್ತವೆ ಎಂದು ಅವರೂ ನೈಲ್ಸ್ ಎಲ್ಡ್ರೆಜ್ ಅವರೂ 1972ರಲ್ಲಿ ವಾದಿಸಿದರು. ಇದು ವಿಕಾಸ ಹೇಗೆ ನಡೆಯಿತೆಂಬ ಚರ್ಚೆ. ಇದನ್ನು 'ಡಾರ್ವಿನ್ ವಿರುದ್ಧ ಬಂಡಾಯ' ಎಂಬಂತೆ ಬಿಂಬಿಸಿದಾಗ, ವಿಕಾಸವೇ ನಡೆಯಲಿಲ್ಲವೆನ್ನುವವರು ಅದನ್ನು ಆಯುಧ ಮಾಡಿಕೊಂಡರು. 1981ರಲ್ಲಿ ಅರ್ಕನ್ಸಾ ರಾಜ್ಯದ ಮೊಕದ್ದಮೆಯಲ್ಲಿ ವಿಕಾಸವಾದದ ಪರವಾಗಿ ಸಾಕ್ಷಿ ನುಡಿದವರಲ್ಲಿ ಇದೇ ಗೌಲ್ಡ್ ಒಬ್ಬರೆಂಬುದನ್ನು ಇಲ್ಲಿ ನೆನೆಯಬೇಕು.

ಹಾಗಾದರೆ ಜಗಳವಿಲ್ಲದೆ ವ್ಯಕ್ತಿಚಿತ್ರ ರುಚಿಸುವುದೇ ಇಲ್ಲವೆ? ಜೊನಾಥನ್ ವೀನರ್ ಅವರ 'ದಿ ಬೀಕ್ ಆಫ್ ದಿ ಫಿಂಚ್' (1994) ಇದಕ್ಕೆ ಉತ್ತರ. ಗಲಪಾಗಸ್‌ನ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ 1973ರಿಂದ ಹಕ್ಕಿಗಳ ಕೊಕ್ಕು ಅಳೆಯುತ್ತ ಬಂದ ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿಗಳ ಚಿತ್ರ ಅದರಲ್ಲಿದೆ. 1977ರ ಬರಗಾಲದಲ್ಲಿ ಮೆತ್ತನೆಯ ಸಣ್ಣ ಬೀಜಗಳು ಮುಗಿದು ಗಟ್ಟಿ ಬೀಜಗಳು ಮಾತ್ರ ಉಳಿದವು. ದಪ್ಪ ಕೊಕ್ಕಿನ ಹಕ್ಕಿಗಳು ಹೆಚ್ಚಾಗಿ ಬದುಕಿಕೊಂಡವು. ಅವುಗಳ ಮರಿಗಳ ಕೊಕ್ಕೂ ದಪ್ಪಗಾಯಿತು. ಬದಲಾವಣೆ ಸುಮಾರು ಅರ್ಧ ಮಿಲಿಮೀಟರ್! ಆ ಅರ್ಧ ಮಿಲಿಮೀಟರಿನಲ್ಲಿ ಡಾರ್ವಿನ್ನರ ತತ್ತ್ವ ಕಣ್ಣೆದುರೇ ನಡೆಯುವುದನ್ನು ಲೇಖಕರು ತೋರಿಸುತ್ತಾರೆ. ದಂಪತಿಗಳ ತಾಳ್ಮೆಯೂ ಅಳತೆಯ ಕೆಲಸದ ಮೂಲಕವೇ ನಮಗೆ ತಿಳಿಯುತ್ತದೆ. ಇಲ್ಲಿ ವ್ಯಕ್ತಿ ಮತ್ತು ಕೆಲಸ ಬೇರೆಯಾಗಿಲ್ಲ.

ಕನ್ನಡದ ಓದುಗರಿಗೆ ಈ ಮಾರ್ಗ ಅಪರಿಚಿತವೇನಲ್ಲ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಕಾದಂಬರಿ, ಪತ್ರಿಕಾ ಲೇಖನವಲ್ಲ. ಆದರೂ ವಿಜ್ಞಾನಿಯೊಬ್ಬರನ್ನು ಹೇಗೆ ಚಿತ್ರಿಸಬಹುದೆಂಬುದಕ್ಕೆ ಅದಕ್ಕಿಂತ ಉತ್ತಮ ಪಾಠ ನಮ್ಮಲ್ಲಿ ವಿರಳ. ಅಲ್ಲಿ ಕರ್ವಾಲೊ ಯಾರನ್ನೂ ಸೋಲಿಸುವುದಿಲ್ಲ. ಹಾರುವ ಓತಿಯನ್ನು ಅರಸುತ್ತಾರೆ. ಹಳ್ಳಿಯ ಮಂದಣ್ಣನ ಕಣ್ಣಿಲ್ಲದೆ ಅವರ ಹುಡುಕಾಟ ಸಾಗದು. ಅನಂತ ಕಾಲದ ಬೆರಗು ಓದುಗನನ್ನು ತಟ್ಟುವುದು ಆ ಓತಿಯ ಮೂಲಕ.

ಇದು ಬರಿಯ ಶೈಲಿಯ ಪ್ರಶ್ನೆಯೆಂದು ನಾವು ಭಾವಿಸಲಾರೆವು. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಿಂದ ಜೀವವಿಕಾಸದ ಭಾಗವನ್ನು ಕೈಬಿಡಲಾಯಿತು. ಹತ್ತರ ಅನಂತರ ಜೀವಶಾಸ್ತ್ರವನ್ನು ಆರಿಸಿಕೊಳ್ಳದ ಮಕ್ಕಳಿಗೆ ಶಾಲೆಯ ಬಾಗಿಲು ಅಲ್ಲಿಗೇ ಮುಚ್ಚಿದಂತೆ. ಅಂಥವರಿಗೆ ಉಳಿಯುವ ಕಿಟಕಿಗಳಲ್ಲಿ ಪತ್ರಿಕೆಯ ಲೇಖನವೂ ಒಂದು. ಅಲ್ಲಿಯೂ ಕಾಳಗದ ಧೂಳೇ ಕಂಡರೆ, ವಿಕಾಸವೆಂದರೆ ಪಕ್ಷ ಹಿಡಿಯಬೇಕಾದ ಒಂದು ಜಗಳವೆಂದು ಅವರು ತಿಳಿದಾರು.

ಇನ್ನು ಮುಂದೆ ಇಂಥ ಲೇಖನ ಓದಿದಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಈ ವಿಜ್ಞಾನಿ ಕಂಡದ್ದೇನು? ಉತ್ತರ ಅದರಲ್ಲಿ ಸಿಕ್ಕದಿದ್ದರೆ, ಎಷ್ಟೇ ಸೊಗಸಾಗಿದ್ದರೂ ಆ ಚಿತ್ರ ಅಪೂರ್ಣ. ಮುಂದಿನ ಸಂಚಿಕೆಗೆ ಸನ್ಮಾನಿತರ ಪರಿಚಯ ಬರೆಯಲು ಕುಳಿತಾಗ ಅದೇ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳುವುದೂ ಒಳಿತು.